ಕಾರಿನ ಕೂಲೆಂಟ್ ಟ್ಯಾಂಕ್ ಸೋರಿದರೆ: ಹೊಸದು ಹಾಕಿದ ಮೇಲೆ ಮತ್ತೆ ಸೋರದಂತೆ ಬದಲಿಸುವ ಕ್ರಮ

ಮಂಗಳೂರು, ಉಡುಪಿ ಕಡೆ ಕೂಲೆಂಟ್ ಟ್ಯಾಂಕನ್ನು, ಅಂದರೆ ಇಂಜಿನನ್ನು ತಣಿಸುವ ದ್ರವವಿರುವ ಪ್ಲಾಸ್ಟಿಕ್ ಡಬ್ಬಿಯನ್ನು, ಮನೆಯಂಗಳದಲ್ಲಿ ತಾವೇ ಬದಲಿಸಿಕೊಳ್ಳುವವರು ಬಹಳ ಮಂದಿ ಇದ್ದಾರೆ. ಬದಲಿಸಿದ ಎರಡು ಮೂರು ವಾರಕ್ಕೇ ಮಟ್ಟ ಮತ್ತೆ ಇಳಿಯುತ್ತಿದೆಯೆಂದು ತಲೆಕೆಡಿಸಿಕೊಳ್ಳುವವರೂ ಕಡಿಮೆಯಿಲ್ಲ. ಹಳೆಯ ಟ್ಯಾಂಕ್ ಬಿಚ್ಚಿ ಇನ್ನೊಂದನ್ನು ಕೂರಿಸುವುದು ಹೆಚ್ಚಿನ ಕಾರುಗಳಲ್ಲಿ ಅರ್ಧ ಮುಕ್ಕಾಲು ಗಂಟೆಯ ಕೆಲಸ, ಅಲ್ಲಿ ತಪ್ಪುವವರು ಅಪರೂಪ. ತಪ್ಪುವುದು ಅದಕ್ಕೆ ಮೊದಲು, ಸೋರಿಕೆ ಎಲ್ಲಿಂದ ಎಂದು ನೋಡದೆ ಟ್ಯಾಂಕಿನ ತಲೆಗೆ ಗೂಬೆ ಕೂರಿಸುವಾಗ. ಇಲ್ಲವೇ ಅದರ ನಂತರ, ಹಳೆಯ ಮುಚ್ಚಳವನ್ನೇ ಹೊಸ ಟ್ಯಾಂಕಿಗೆ ತಿರುಗಿಸಿ, ಒಳಗಿನ ಗಾಳಿಯನ್ನು ಹೊರಹಾಕದೆ ಹೊರಟುಬಿಡುವಾಗ. ಹಾಗಾಗಿ ಈ ಬರಹದಲ್ಲಿ ಬಿಚ್ಚುವ ಭಾಗಕ್ಕಿಂತ ಅದರ ಹಿಂದುಮುಂದಿನ ಭಾಗವೇ ಉದ್ದವಾಗಿದೆ.

ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ. ಕಾರಿನ ಜೊತೆ ಬಂದ ಕೈಪಿಡಿಯಲ್ಲಿ ಬೇರೆ ಸೂಚನೆ ಇದ್ದರೆ ಅದನ್ನೇ ಪಾಲಿಸಬೇಕು.

## ನಿಮ್ಮ ಕಾರಿನಲ್ಲಿರುವುದು ಯಾವ ಬಗೆಯ ಟ್ಯಾಂಕ್

ಕೂಲೆಂಟ್ ಟ್ಯಾಂಕ್ ಎಂಬ ಒಂದೇ ಹೆಸರಿನಿಂದ ನಾವು ಎರಡು ಬೇರೆ ವಸ್ತುಗಳನ್ನು ಕರೆಯುತ್ತೇವೆ. ಮೊದಲನೆಯದು ಒತ್ತಡವಿಲ್ಲದ ಬಾಟಲಿ. ರೇಡಿಯೇಟರಿನ ತಲೆಯ ಮೇಲೆ ಒತ್ತಿ ತಿರುಗಿಸುವ ಲೋಹದ ಮುಚ್ಚಳವಿದ್ದು, ಅದರ ಕುತ್ತಿಗೆಯಿಂದ ಹೊರಟ ಸಪೂರ ಹೋಸ್ ಒಂದು ಪ್ಲಾಸ್ಟಿಕ್ ಬಾಟಲಿಯೊಳಗೆ ಇಳಿದಿದ್ದರೆ ನಿಮ್ಮದು ಈ ಬಗೆಯದು. ಮಾರುತಿಯ ಆಲ್ಟೊದಂಥ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಕಾಣುವುದು ಇದೇ. ಇಂಜಿನ್ ಬಿಸಿಯಾದಾಗ ಹಿಗ್ಗಿದ ಕೂಲೆಂಟ್ ಬಾಟಲಿಗೆ ಬರುತ್ತದೆ, ತಣಿದಾಗ ರೇಡಿಯೇಟರ್ ಅದನ್ನು ಹಿಂದಕ್ಕೆ ಹೀರಿಕೊಳ್ಳುತ್ತದೆ. ವ್ಯವಸ್ಥೆಯಲ್ಲಿ 5 ಲೀಟರ್ ಇದ್ದರೆ ಹಿಗ್ಗುವುದು ಹೆಚ್ಚುಕಡಿಮೆ 200 ಮಿಲಿ ಲೀಟರ್. ಆದ್ದರಿಂದ ಬಿಸಿಯಿರುವಾಗ ಮಟ್ಟ ಮೇಲೇರಿ ಕಂಡರೆ ಅದು ದೋಷವಲ್ಲ.

ಎರಡನೆಯದು ಒತ್ತಡ ಹೊರುವ ಟ್ಯಾಂಕ್. ಇಲ್ಲಿ ರೇಡಿಯೇಟರಿಗೆ ಮುಚ್ಚಳವೇ ಇರುವುದಿಲ್ಲ. ಟ್ಯಾಂಕಿನ ಮೇಲಿನ ದಪ್ಪ ತಿರುಪಿನ ಮುಚ್ಚಳವೇ ಇಡೀ ವ್ಯವಸ್ಥೆಯ ಒತ್ತಡವನ್ನು ಹಿಡಿದಿಡುತ್ತದೆ. ಫೋಕ್ಸ್‌ವ್ಯಾಗನ್ ಪೋಲೋದ ದುಂಡನೆಯ ಟ್ಯಾಂಕ್, ಫೋರ್ಡ್ ಫಿಗೊದ ಟ್ಯಾಂಕ್ ಈ ಜಾತಿಯವು. ಇಂಜಿನ್ ಓಡುವಾಗ ಇದರ ಗೋಡೆಗಳು ಪ್ರತಿ ಚದರ ಸೆಂಟಿಮೀಟರಿಗೆ ಒಂದರಿಂದ ಒಂದೂವರೆ ಕಿಲೋದಷ್ಟು ಒತ್ತಡವನ್ನು 90 ಡಿಗ್ರಿಗೂ ಮೀರಿದ ಬಿಸಿಯಲ್ಲಿ ತಡೆಯಬೇಕಾಗುತ್ತದೆ.

ಮುಂದಿನ ಪ್ರತಿಯೊಂದು ನಿರ್ಧಾರವೂ ಈ ವ್ಯತ್ಯಾಸದ ಮೇಲೆ ನಿಂತಿದೆ. ಬಾನೆಟ್ ಎತ್ತಿ ಮೊದಲು ಇದನ್ನೇ ನೋಡಿಕೊಳ್ಳಿ.

## ಕೈ ಹಾಕುವ ಮೊದಲು

ಬಿಸಿ ಇಂಜಿನಿನ ಮುಚ್ಚಳ ತೆರೆಯಬಾರದು ಎಂಬುದು ಎಲ್ಲರಿಗೂ ಗೊತ್ತು, ಆದರೂ ಪ್ರತಿವರ್ಷ ಯಾರಾದರೂ ಕೈ ಮುಖ ಸುಟ್ಟುಕೊಳ್ಳುತ್ತಾರೆ. ಕಾರಣ ಇಷ್ಟೆ: ಒಂದು ಕಿಲೋ ಒತ್ತಡದಲ್ಲಿ ನೀರು 100 ಡಿಗ್ರಿಯಲ್ಲಿ ಕುದಿಯುವುದಿಲ್ಲ, ಸುಮಾರು 120 ಡಿಗ್ರಿಯವರೆಗೆ ಸುಮ್ಮನಿರುತ್ತದೆ. ಮುಚ್ಚಳ ಸಡಿಲವಾದ ಕ್ಷಣದಲ್ಲಿ ಒತ್ತಡ ಇಳಿದು, ಅಲ್ಲಿಯವರೆಗೆ ಸುಮ್ಮನಿದ್ದ ದ್ರವ ಒಮ್ಮೆಲೇ ಕುದಿದು ಹೊರಚಿಮ್ಮುತ್ತದೆ. ದಪ್ಪ ಬಟ್ಟೆ ಹಿಡಿದುಕೊಂಡರೆ ಸಾಕು ಎಂಬ ಧೈರ್ಯ ಬೇಡ.

ಕೆಲಸಕ್ಕೆ ಒಳ್ಳೆಯ ಹೊತ್ತೆಂದರೆ ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವುದಕ್ಕೆ ಮೊದಲು. ಏಪ್ರಿಲ್, ಮೇ ತಿಂಗಳ ನಮ್ಮ ಕರಾವಳಿಯ ಸೆಕೆಯಲ್ಲಿ ಮಧ್ಯಾಹ್ನ ನಿಲ್ಲಿಸಿದ ಕಾರು ಎರಡು ಗಂಟೆಯಾದರೂ ಪೂರ್ತಿ ತಣಿದಿರುವುದಿಲ್ಲ. ರೇಡಿಯೇಟರಿನ ಮೇಲಿನ ದಪ್ಪ ಹೋಸನ್ನು ಹಿಸುಕಿ ನೋಡಿ. ಅದು ತಣ್ಣಗೆ, ಮೆತ್ತಗಿದ್ದರೆ ಮಾತ್ರ ಮುಂದುವರಿಯಿರಿ. ಕೀಲಿಯನ್ನು ತೆಗೆದು ಜೇಬಿನಲ್ಲಿ ಇಟ್ಟುಕೊಳ್ಳಿ. ಕೆಲವು ಕಾರುಗಳಲ್ಲಿ ಇಂಜಿನ್ ನಿಂತ ಮೇಲೂ ಫ್ಯಾನ್ ತಾನಾಗಿ ತಿರುಗುತ್ತದೆ.

ಇನ್ನೊಂದು ಮಾತು. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುವ ವಿಷ. ಅಂಗಳದಲ್ಲಿ ಚೆಲ್ಲಿದ್ದನ್ನು ನಾಯಿ, ಬೆಕ್ಕು ನೆಕ್ಕಿದರೆ ಅವುಗಳ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ನಾಲಿಗೆಗೆ ತಾಗಿಸಿ ಸಿಹಿಯೋ ಅಲ್ಲವೋ ಎಂದು ಪರೀಕ್ಷಿಸುವ ಹಳೆಯ ಅಭ್ಯಾಸವಿದ್ದರೆ ಇಂದಿಗೇ ಬಿಡಿ.

## ಹಂತ 1: ಸೋರುತ್ತಿರುವುದು ಟ್ಯಾಂಕೇ ಎಂದು ಖಚಿತಪಡಿಸಿಕೊಳ್ಳಿ

ಕಾರಿನಡಿ ಒದ್ದೆ ಕಂಡ ಕೂಡಲೇ ಟ್ಯಾಂಕ್ ತರಲು ಅಂಗಡಿಗೆ ಓಡಬೇಡಿ. ನಮ್ಮ ಊರಿನ ಆರ್ದ್ರ ಗಾಳಿಯಲ್ಲಿ ಎ.ಸಿ. ಹಾಕಿ ಓಡಿಸಿದ ಕಾರು ನಿಂತ ಮೇಲೆ ಒಂದು ಲೋಟದಷ್ಟು ನೀರು ಸುರಿಸಿದರೂ ಆಶ್ಚರ್ಯವಿಲ್ಲ. ಆ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಬೆರಳಿಗೆ ಜಿಡ್ಡು ಹತ್ತುವುದಿಲ್ಲ. ಕೂಲೆಂಟಾದರೆ ಹಸಿರು, ಕೆಂಪು, ಗುಲಾಬಿ ಅಥವಾ ನೀಲಿ ಬಣ್ಣವಿದ್ದು ಕೈಗೆ ತುಸು ಜಾರುತ್ತದೆ. ಕೆಂಪು ಮಣ್ಣಿನ ಅಂಗಳದಲ್ಲಿ ಬಣ್ಣ ತಿಳಿಯದ ಕಾರಣ, ರಾತ್ರಿ ಇಂಜಿನಿನ ಕೆಳಗೆ ಒಂದು ದೊಡ್ಡ ರಟ್ಟು ಹಾಸಿ ಅದರ ಮೇಲೆ ಬಿಳಿ ಕಾಗದ ಹರಡಿ. ಬೆಳಿಗ್ಗೆ ಕಲೆ ಬಿದ್ದ ಜಾಗದಿಂದ ನೇರ ಮೇಲಕ್ಕೆ ಕಣ್ಣು ಹಾಯಿಸಿದರೆ ಹುಡುಕಾಟದ ಅರ್ಧ ಮುಗಿಯುತ್ತದೆ.

ಮಟ್ಟ ನಿಜಕ್ಕೂ ಇಳಿಯುತ್ತಿದೆಯೇ ಎಂಬುದನ್ನೂ ಅಳೆಯಬೇಕು. ಟ್ಯಾಂಕಿನ ಹೊರಮೈಯಲ್ಲಿ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದು, ಪ್ರತಿದಿನ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು, ಅದೇ ಸಮತಟ್ಟು ಜಾಗದಲ್ಲಿ ನೋಡಿ. ಇಳಿಜಾರಿನಲ್ಲಿ ನಿಲ್ಲಿಸಿ ನೋಡಿದ ಮಟ್ಟಕ್ಕೆ ಅರ್ಥವಿಲ್ಲ. ಕದ್ರಿ, ಬಿಜೈ ಕಡೆಯ ಏರುತಗ್ಗಿನ ಓಣಿಗಳಲ್ಲಿ ಮನೆಯಿದ್ದವರು ಇದನ್ನು ಮರೆಯುತ್ತಾರೆ.

ಈಗ ಟ್ಯಾಂಕನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಟಾರ್ಚ್ ಹಿಡಿದು ಐದು ಜಾಗ ನೋಡಿ: ಎರಡು ಅರ್ಧಗಳು ಸೇರಿದ ಅಡ್ಡ ಬೆಸುಗೆ, ಹೋಸ್ ಕೂರುವ ನಿಪ್ಪಲ್‌ಗಳ ಬುಡ, ಮುಚ್ಚಳದ ಕೆಳಗಿನ ಕುತ್ತಿಗೆ, ಬೋಲ್ಟ್ ಕೂರುವ ಕಿವಿಗಳು, ಮತ್ತು ಮಟ್ಟ ತಿಳಿಸುವ ಸೆನ್ಸರ್ ಇದ್ದರೆ ಅದರ ಸುತ್ತ. ಸೋರಿದ ಕೂಲೆಂಟ್ ಬಿಸಿಗೆ ಒಣಗಿ ಬಿಳಿಯ ಅಥವಾ ಬಣ್ಣದ ಹಕ್ಕಳೆ ಕಟ್ಟುತ್ತದೆ. ಹಕ್ಕಳೆಯ ಅತ್ಯಂತ ಮೇಲಿನ ತುದಿಯೇ ಸೋರಿಕೆಯ ಮೂಲ, ಕೆಳಗಿನದೆಲ್ಲ ಹರಿದು ಬಂದದ್ದು.

ಹಕ್ಕಳೆ ಮುಚ್ಚಳದ ಕೆಳಗಿನಿಂದಲೇ ಶುರುವಾಗಿದ್ದರೆ ಟ್ಯಾಂಕ್ ನಿರಪರಾಧಿಯಾಗಿರಬಹುದು. ಮುಚ್ಚಳದಲ್ಲಿ ಎರಡು ಕವಾಟಗಳಿವೆ: ಒಂದು ಒತ್ತಡ ಮಿತಿ ಮೀರಿದಾಗ ಬಿಡುತ್ತದೆ, ಇನ್ನೊಂದು ಇಂಜಿನ್ ತಣಿದು ಒಳಗೆ ನಿರ್ವಾತವಾದಾಗ ಗಾಳಿ ಅಥವಾ ದ್ರವವನ್ನು ಒಳಬಿಡುತ್ತದೆ. ಮೊದಲನೆಯದು ಕಚ್ಚಿಕೊಂಡರೆ ಒತ್ತಡ ಹೊರಹೋಗಲು ದಾರಿಯಿಲ್ಲದೆ ಟ್ಯಾಂಕ್ ಸೀಳುತ್ತದೆ. ಹೊಸ ಟ್ಯಾಂಕ್ ಒಂದೇ ತಿಂಗಳಲ್ಲಿ ಬಿರಿಯಲು ನಾನು ಹೆಚ್ಚಾಗಿ ಕಂಡ ಕಾರಣ ಇದೇ. ಎರಡನೆಯದು ಕಚ್ಚಿಕೊಂಡರೆ ತಣಿದ ಕಾರಿನ ಮೇಲಿನ ಹೋಸ್ ಒಳಕ್ಕೆ ಚಪ್ಪಟೆಯಾಗಿರುತ್ತದೆ. ಮುಚ್ಚಳದ ರಬ್ಬರ್ ಬಿರಿದಿದ್ದರೆ, ಗಟ್ಟಿಯಾಗಿದ್ದರೆ, ಸೀಲಿನ ಮೇಲೆ ಹಕ್ಕಳೆ ಇದ್ದರೆ ಬೇರೆ ಪರೀಕ್ಷೆ ಬೇಕಿಲ್ಲ.

ಒತ್ತಡವಿಲ್ಲದ ಬಾಟಲಿಯವರು ಇನ್ನೊಂದನ್ನು ನೋಡಬೇಕು. ರೇಡಿಯೇಟರಿನಿಂದ ಬಾಟಲಿಗೆ ಹೋಗುವ ಸಪೂರ ಹೋಸಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ, ಇಂಜಿನ್ ತಣಿಯುವಾಗ ರೇಡಿಯೇಟರ್ ಕೂಲೆಂಟನ್ನು ಹೀರುವ ಬದಲು ಗಾಳಿಯನ್ನು ಹೀರುತ್ತದೆ. ಆಗ ಬಾಟಲಿ ದಿನದಿನಕ್ಕೆ ತುಂಬುತ್ತಾ ಉಕ್ಕುತ್ತದೆ, ರೇಡಿಯೇಟರ್ ಮಾತ್ರ ಬರಿದಾಗುತ್ತದೆ. ನೋಡುವವರಿಗೆ ಬಾಟಲಿ ಸೋರುತ್ತಿರುವಂತೆ ಕಾಣುತ್ತದೆ; ಬಾಟಲಿ ಬದಲಿಸಿದರೂ ಉಕ್ಕುವುದು ನಿಲ್ಲುವುದಿಲ್ಲ. ಬಾಟಲಿ ತುಂಬಿದ್ದು ರೇಡಿಯೇಟರ್ ಖಾಲಿಯಿದ್ದರೆ ಮೊದಲ ಅನುಮಾನ ಈ ಹೋಸಿನ ಮೇಲೆ ಮತ್ತು ರೇಡಿಯೇಟರ್ ಮುಚ್ಚಳದ ಮೇಲೆ ಇರಲಿ.

ಟ್ಯಾಂಕ್ ಒಣಗಿದ್ದೂ ಮಟ್ಟ ಇಳಿಯುತ್ತಿದ್ದರೆ ಸೋರಿಕೆ ಬೇರೆಡೆ ಇದೆ. ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರದಿಂದ ಹನಿ ಬೀಳಬಹುದು, ರೇಡಿಯೇಟರಿನ ಪ್ಲಾಸ್ಟಿಕ್ ಅಂಚು ಬಿಟ್ಟಿರಬಹುದು, ಮುಂದಿನ ಸೀಟಿನ ಕಾಲುಹಾಸು ಜಿಡ್ಡಾಗಿ ಒದ್ದೆಯಾಗಿದ್ದರೆ ಹೀಟರಿನ ಒಳಸುರುಳಿ ಸೋರಿರಬಹುದು. ಜೂನ್ ಬಂತೆಂದರೆ ಇಲಿ, ಹೆಗ್ಗಣಗಳು ಮಳೆಯಿಂದ ತಪ್ಪಿಸಿಕೊಳ್ಳಲು ಬಾನೆಟ್ಟಿನೊಳಗೆ ಸೇರಿ ಹೋಸ್ ಕಡಿಯುವುದೂ ಇಲ್ಲಿ ಸಾಮಾನ್ಯ. ಹಲ್ಲಿನ ಜೋಡಿ ಗೀರುಗಳು ಕಂಡರೆ ವೈರುಗಳನ್ನೂ ಪರಿಶೀಲಿಸಿ.

ಇಂಜಿನ್ ಓಡುವಾಗ ಟ್ಯಾಂಕಿನಲ್ಲಿ ನಿಲ್ಲದೆ ಗುಳ್ಳೆಗಳು ಏಳುವುದು, ರಾತ್ರಿ ತಣಿದ ಮೇಲೂ ಹೋಸ್ ಕಲ್ಲಿನಂತೆ ಬಿಗಿಯಾಗಿರುವುದು, ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ನಿರಂತರ ಬರುವುದು, ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆಸಿದ ಕಾಫಿಯಂತಿರುವುದು, ಇವು ಹೆಡ್ ಗ್ಯಾಸ್ಕೆಟ್ (ಇಂಜಿನಿನ ಮೇಲ್ಭಾಗ, ಕೆಳಭಾಗಗಳ ನಡುವಿನ ಸೀಲ್) ಹೋಗಿರುವುದರ ಸೂಚನೆಗಳು. ಮಳೆಗಾಲದಲ್ಲಿ ಸಣ್ಣ ಸಣ್ಣ ಓಡಾಟ ಮಾತ್ರ ಮಾಡುವ ಕಾರಿನ ಆಯಿಲ್ ಮುಚ್ಚಳದ ಒಳಬದಿಯಲ್ಲಿ ತೇವದಿಂದ ತೆಳು ಕೆನೆ ಕಟ್ಟುವುದುಂಟು. ಡಿಪ್‌ಸ್ಟಿಕ್ ಶುಭ್ರವಾಗಿದ್ದರೆ ಅದಕ್ಕೆ ಹೆದರಬೇಕಾಗಿಲ್ಲ. ನಿಜವಾದ ಸೂಚನೆಗಳಿದ್ದರೆ ಇಲ್ಲಿಗೇ ನಿಲ್ಲಿಸಿ ಗ್ಯಾರೇಜಿಗೆ ಒಯ್ಯಿರಿ.

ಕಣ್ಣಿಗೆ ಏನೂ ಕಾಣದಿದ್ದರೆ ಗ್ಯಾರೇಜಿನಲ್ಲಿ ಕೈಪಂಪಿನಿಂದ ಒತ್ತಡ ಕೊಟ್ಟು ಪರೀಕ್ಷಿಸುವ ಸಾಧನವಿರುತ್ತದೆ. ಮುಚ್ಚಳದ ಮೇಲೆ ಬರೆದ ಮಿತಿಯಷ್ಟೇ ಒತ್ತಡ ಕೊಟ್ಟು ಹತ್ತು ನಿಮಿಷ ಮುಳ್ಳು ಇಳಿಯುತ್ತದೆಯೇ ನೋಡಬೇಕು.

## ಹಂತ 2: ಅಂಟಿಸುವುದೋ, ಬದಲಿಸುವುದೋ

ಒತ್ತಡ ಹೊರುವ ಟ್ಯಾಂಕಾದರೆ ಯೋಚಿಸುವುದು ಏನೂ ಇಲ್ಲ, ಬದಲಿಸಿ. ಈ ಟ್ಯಾಂಕುಗಳು ಹೆಚ್ಚಾಗಿ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನವು. ಅದಕ್ಕೆ ಕ್ಷಣದಲ್ಲಿ ಹಿಡಿಯುವ ಗಮ್ಮಾಗಲಿ, ಎರಡು ಮುದ್ದೆ ಕಲಸಿ ಮೆತ್ತುವ ಎಂ-ಸೀಲ್ ಮಾದರಿಯ ಅಂಟಾಗಲಿ ಕಚ್ಚಿ ಹಿಡಿಯುವುದಿಲ್ಲ. ತಣ್ಣಗಿರುವಾಗ ಗಟ್ಟಿಯಾಗಿ ಕಾಣುವ ಮುದ್ದೆ, ಟ್ಯಾಂಕ್ ನಾಲ್ಕು ಸಲ ಬಿಸಿಯಾಗಿ ಹಿಗ್ಗಿ ಕುಗ್ಗುವಷ್ಟರಲ್ಲಿ ಇಡಿಯಾಗಿ ಎದ್ದು ಬರುತ್ತದೆ. ಹಳೆಯ ಟ್ಯಾಂಕಿನಲ್ಲಿ ಒಂದು ಬಿರುಕು ಕಂಡಿತೆಂದರೆ ಉಳಿದ ಮೈಯೂ ಅಷ್ಟೇ ಸವೆದಿದೆಯೆಂದು ತಿಳಿಯಬೇಕು.

ರೇಡಿಯೇಟರಿಗೆ ಸುರಿದು ಸೋರಿಕೆ ನಿಲ್ಲಿಸುವ ಪುಡಿ, ದ್ರವಗಳು ಟ್ಯಾಂಕಿನ ಸೀಳಿಗೆ ಕೆಲಸಕ್ಕೆ ಬರುವುದಿಲ್ಲ. ಹೀಟರಿನ ಸಪೂರ ನಳಿಕೆಗಳಲ್ಲಿ, ರೇಡಿಯೇಟರಿನಲ್ಲಿ ಅವು ಕಟ್ಟಿಕೊಂಡು ಇನ್ನೊಂದು ತೊಂದರೆ ತರುತ್ತವೆ.

ಒತ್ತಡವಿಲ್ಲದ ಬಾಟಲಿಯ ಬಯಲು ಗೋಡೆಯಲ್ಲಿ ಸಣ್ಣ ಸೀಳಿದ್ದರೆ ಮಾತ್ರ ದುರಸ್ತಿಗೆ ಅರ್ಥವಿದೆ. ಬಾಟಲಿಯನ್ನು ಬಿಚ್ಚಿ, ಸಾಬೂನು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಸೀಳು ಮುಂದುವರಿಯದಂತೆ ಅದರ ಎರಡೂ ತುದಿಗಳಲ್ಲಿ 2 ಮಿಲಿಮೀಟರಿನ ತೂತು ಕೊರೆಯಿರಿ. ಸೀಳಿನ ಉದ್ದಕ್ಕೂ ಚೂರಿಯಿಂದ ಸಣ್ಣ ತೋಡು ಮಾಡಿ, ತಳದಲ್ಲಿ ಪಿಪಿ ಎಂಬ ಗುರುತಿರುವ ಇನ್ನೊಂದು ಪ್ಲಾಸ್ಟಿಕ್ ವಸ್ತುವಿನ ತುಂಡನ್ನು ಸೋಲ್ಡರಿಂಗ್ ಐರನ್‌ನಿಂದ ಕರಗಿಸಿ ತುಂಬಿರಿ. ಮೇಲೆ ಸವರಿದರೆ ಸಾಲದು. ಬಾಟಲಿಯ ಪ್ಲಾಸ್ಟಿಕ್ಕೂ ಕರಗಿ ಎರಡೂ ಬೆರೆಯಬೇಕು. ಹೊಗೆ ಬರುವುದರಿಂದ ಈ ಕೆಲಸವನ್ನು ಹೊರಗೆ ಮಾಡಿ. ಆಮೇಲೆ ನೀರು ತುಂಬಿ, ಒಣ ಕಾಗದದ ಮೇಲೆ ಒಂದು ದಿನವಿಡೀ ಇಟ್ಟು ನೋಡಿ. ಸೀಳು ನಿಪ್ಪಲಿನ ಬುಡದಲ್ಲೋ ಬೋಲ್ಟಿನ ಕಿವಿಯಲ್ಲೋ ಇದ್ದರೆ ಈ ಶ್ರಮವೂ ವ್ಯರ್ಥ.

## ಹಂತ 3: ಸಾಮಾನು ಹೊಂದಿಸಿಕೊಳ್ಳಿ

ಟ್ಯಾಂಕ್ ಕೊಳ್ಳಲು ಹೋಗುವಾಗ ಕಾರಿನ ಮಾಡೆಲ್, ವರ್ಷದ ಜೊತೆಗೆ ಪೆಟ್ರೋಲೋ ಡೀಸೆಲೋ ಎಂಬುದನ್ನು, ಚಾಸಿ ನಂಬರನ್ನು, ಹಳೆಯ ಟ್ಯಾಂಕಿನ ನಾಲ್ಕೂ ಬದಿಯ ಫೋಟೋಗಳನ್ನು ಒಯ್ಯಿರಿ. ಒಂದೇ ಕಾರಿನ ಎರಡು ಇಂಜಿನ್‌ಗಳಿಗೆ ನಿಪ್ಪಲಿನ ದಿಕ್ಕು ಬೇರೆ ಇರುವುದುಂಟು. ಸೆನ್ಸರ್ ಮತ್ತು ಮುಚ್ಚಳ ಜೊತೆಗೆ ಬರುತ್ತವೆಯೇ ಎಂದು ಕೇಳಿ. ಬರದಿದ್ದರೆ ಮುಚ್ಚಳವನ್ನು ಬೇರೆಯಾಗಿ ಕೊಳ್ಳಲೇಬೇಕು, ಮತ್ತು ಅದರ ಮೇಲೆ ಬರೆದ ಒತ್ತಡದ ಅಂಕಿ ಹಳೆಯದರ ಅಂಕಿಯೇ ಆಗಿರಬೇಕು; ಹೆಚ್ಚಿನ ಅಂಕಿಯದು ಹೆಚ್ಚು ಗಟ್ಟಿ ಎಂದು ಆರಿಸಿದರೆ ಹೊಸ ಟ್ಯಾಂಕನ್ನು ನೀವೇ ಒಡೆದ ಹಾಗೆ.

ಉಪಕರಣಗಳು ಹೆಚ್ಚೇನಿಲ್ಲ. ಹೆಚ್ಚಿನ ಕಾರುಗಳಿಗೆ 10 ನಂಬರಿನ ಸಾಕೆಟ್ ಮತ್ತು ರ‍್ಯಾಚೆಟ್, ಹೋಸ್ ಕ್ಲಿಪ್ ಹಿಸುಕಲು ಪ್ಲಯರ್, ಚಪ್ಪಟೆ ಸ್ಕ್ರೂಡ್ರೈವರ್, ಕೂಲೆಂಟ್ ಹೀರಲು ದೊಡ್ಡ ಸಿರಿಂಜ್, ಕೆಳಗಿಡಲು ಅಗಲ ಬೋಗುಣಿ, ಆಲಿಕೆ, ಟಾರ್ಚ್, ರಬ್ಬರ್ ಕೈಗವಸು, ಕನ್ನಡಕ, ಹಳೆಯ ಬಟ್ಟೆ ಸಾಕು. ಸಮುದ್ರದ ಹತ್ತಿರ, ಅಂದರೆ ಮಲ್ಪೆ, ಪಣಂಬೂರು, ಸುರತ್ಕಲ್ ಕಡೆ ನಿಲ್ಲುವ ಕಾರುಗಳ ಬೋಲ್ಟುಗಳು ಉಪ್ಪುಗಾಳಿಗೆ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತವೆ. ಅವರು ತುಕ್ಕು ಬಿಡಿಸುವ ಸ್ಪ್ರೇಯನ್ನೂ, ಒಂದೆರಡು ಹೊಸ ಕ್ಲಿಪ್ಪುಗಳನ್ನೂ ಇಟ್ಟುಕೊಳ್ಳಲಿ.

## ಹಂತ 4: ಕೂಲೆಂಟ್ ಇಳಿಸಿ

ಮುಚ್ಚಳವನ್ನು ಕಾಲು ಸುತ್ತು ತಿರುಗಿಸಿ ನಿಲ್ಲಿ. ಸುಯ್ ಎಂಬ ಸದ್ದಿದ್ದರೆ ಅದು ಪೂರ್ತಿ ನಿಲ್ಲುವವರೆಗೆ ಕಾದು ಆಮೇಲೆ ತೆಗೆಯಿರಿ. ಸಿರಿಂಜಿನಿಂದ ಟ್ಯಾಂಕಿನಲ್ಲಿರುವಷ್ಟನ್ನೂ ಹೀರಿ ಶುಭ್ರವಾದ ಬಾಟಲಿಗೆ ಹಾಕಿ, ಎಷ್ಟು ಬಂತೆಂದು ಬರೆದಿಟ್ಟುಕೊಳ್ಳಿ. ನಳಿಕೆ ಇಟ್ಟು ಬಾಯಿಯಿಂದ ಎಳೆಯುವುದು ಬೇಡ.

ತೆಗೆದ ಕೂಲೆಂಟ್ ತುಕ್ಕು ಬಣ್ಣಕ್ಕೆ ತಿರುಗಿದ್ದರೆ, ಕೆಸರು ಅಥವಾ ಆಯಿಲಿನ ಜಿಡ್ಡು ಇದ್ದರೆ ಮತ್ತೆ ಹಾಕಬೇಡಿ. ಅದನ್ನು ಚರಂಡಿಗಾಗಲಿ, ತೆಂಗಿನ ಬುಡಕ್ಕಾಗಲಿ ಸುರಿಯುವಂತಿಲ್ಲ. ಹೆಚ್ಚಿನ ಮನೆಗಳಲ್ಲಿ ಬಾವಿ ಅಲ್ಲೇ ಹತ್ತು ಮಾರು ದೂರದಲ್ಲಿರುತ್ತದೆ, ನಮ್ಮ ಮುರಕಲ್ಲಿನ ನೆಲ ಸುರಿದದ್ದನ್ನೆಲ್ಲ ಒಳಗೆ ಬಿಟ್ಟುಕೊಳ್ಳುತ್ತದೆ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ತುಂಬಿ, ಹೆಸರು ಬರೆದು, ಹಳೆಯ ಆಯಿಲ್ ಮತ್ತು ಕೂಲೆಂಟ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ತಂಪು ಪಾನೀಯದ ಬಾಟಲಿಯಲ್ಲಿ ಮಾತ್ರ ತುಂಬಿಡಬೇಡಿ.

## ಹಂತ 5: ಹೋಸ್ ಬಿಡಿಸಿ ಟ್ಯಾಂಕ್ ತೆಗೆಯಿರಿ

ಯಾವ ಹೋಸ್ ಎಲ್ಲಿತ್ತು ಎಂದು ಫೋಟೋ ತೆಗೆದುಕೊಂಡು ಶುರುಮಾಡಿ. ಸ್ಪ್ರಿಂಗ್ ಕ್ಲಿಪ್ಪಿನ ಎರಡು ಕಿವಿಗಳನ್ನು ಪ್ಲಯರಿನಿಂದ ಹಿಸುಕಿ, ಹೋಸಿನ ಮೇಲೆ ನಾಲ್ಕು ಬೆರಳಿನಷ್ಟು ಹಿಂದಕ್ಕೆ ಸರಿಸಿ. ಹೋಸ್ ಅಂಟಿಕೊಂಡಿದ್ದರೆ ಎಳೆಯಬೇಡಿ. ಎಡಕ್ಕೆ ಬಲಕ್ಕೆ ತಿರುಚಿದರೆ ಹಿಡಿತ ಬಿಡುತ್ತದೆ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಹೋಸಿನ ಒಳಮೈಗೆ ಗಾಯವಾಗಿ, ಹೊಸ ಟ್ಯಾಂಕಿನ ನಿಪ್ಪಲಿನಲ್ಲಿ ಅದೇ ಗಾಯದಿಂದ ಹನಿ ಬೀಳುತ್ತದೆ.

ಕೆಳಗಿನ ದಪ್ಪ ಹೋಸನ್ನು ಕೊನೆಗೆ ಬಿಡಿಸಿ. ಬಿಡಿಸಿದ ಕೂಡಲೇ ಅದರ ಬಾಯನ್ನು ಮೇಲಕ್ಕೆತ್ತಿ ಕಟ್ಟಿದರೆ ಇಂಜಿನಿನ ಒಳಗಿನ ಕೂಲೆಂಟ್ ಹೆಚ್ಚು ಹೊರಬರುವುದಿಲ್ಲ, ಮುಂದೆ ಗಾಳಿ ತೆಗೆಯುವ ಕೆಲಸವೂ ಹಗುರವಾಗುತ್ತದೆ. ಸೆನ್ಸರಿನ ಪ್ಲಗ್ಗನ್ನು ಲಾಕ್ ಒತ್ತಿ ತೆಗೆಯಬೇಕು, ವೈರ್ ಹಿಡಿದು ಜಗ್ಗಬಾರದು. ತುಕ್ಕು ಹಿಡಿದ ಬೋಲ್ಟಿಗೆ ಸ್ಪ್ರೇ ಹೊಡೆದು ಕಾಲು ಗಂಟೆ ಕಾಯಿರಿ; ಸ್ಪ್ರೇ ರಬ್ಬರ್ ಹೋಸಿಗೆ ತಾಗದಂತೆ ಬಟ್ಟೆ ಅಡ್ಡ ಹಿಡಿಯಿರಿ.

ಹೋಸಿನ ತುದಿಗಳನ್ನು ಹಿಸುಕಿ ನೋಡಿ. ಕರಕರ ಎನ್ನುವಷ್ಟು ಗಟ್ಟಿಯಾಗಿದ್ದರೆ, ಉಬ್ಬಿದ್ದರೆ, ಬಾಯಿ ಬಿರಿದಿದ್ದರೆ ಅದನ್ನೂ ಈಗಲೇ ಬದಲಿಸುವುದು ಲೇಸು.

## ಹಂತ 6: ಹೊಸದನ್ನು ಕೂರಿಸಿ

ಹೊಸ ಟ್ಯಾಂಕನ್ನು ಹಳೆಯದರ ಪಕ್ಕದಲ್ಲಿಟ್ಟು ನಿಪ್ಪಲಿನ ದಪ್ಪ, ದಿಕ್ಕು, ಕಿವಿಗಳ ಅಂತರ ಹೋಲಿಸಿ. ನಿಪ್ಪಲ್‌ಗಳ ತೂತು ಪೂರ್ತಿ ತೆರೆದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಅಚ್ಚಿನಲ್ಲಿ ಉಳಿದ ತೆಳು ಪೊರೆ ಸಪೂರ ನಿಪ್ಪಲನ್ನು ಮುಚ್ಚಿರುವ ಟ್ಯಾಂಕ್ ನನ್ನ ಕೈಗೇ ಒಮ್ಮೆ ಬಂದಿತ್ತು. ಸೆನ್ಸರನ್ನು ಹಳೆಯದರಿಂದ ತೆಗೆದು ಹಾಕುವುದಾದರೆ ಅದರ ರಬ್ಬರ್ ಉಂಗುರ ಹೊಸದಿರಲಿ.

ಹೋಸ್ ಒಳಜಾರಲು ಅದರ ಬಾಯಿಗೆ ತುಸು ಕೂಲೆಂಟ್ ಸವರಿ. ಅಡುಗೆಮನೆಯಲ್ಲಿ ತೆಂಗಿನೆಣ್ಣೆ ಇದ್ದೇ ಇರುತ್ತದೆ, ಆದರೆ ಎಣ್ಣೆಯಾಗಲಿ ಗ್ರೀಸಾಗಲಿ ಬೇಡ. ಗ್ರೀಸು ಈ ರಬ್ಬರನ್ನು ಉಬ್ಬಿಸುತ್ತದೆ, ಎಣ್ಣೆ ಸವರಿದ ಹೋಸ್ ಒತ್ತಡಕ್ಕೆ ಜಾರಿ ಬರಬಹುದು. ಹೋಸ್ ನಿಪ್ಪಲಿನ ಉಬ್ಬನ್ನು ದಾಟಿ ಕೊನೆಯವರೆಗೆ ಹೋಗಬೇಕು, ಕ್ಲಿಪ್ ಆ ಉಬ್ಬಿನ ಹಿಂದೆ ಕೂರಬೇಕು. ಸ್ಕ್ರೂ ಇರುವ ಕ್ಲಿಪ್ಪನ್ನು ಶಕ್ತಿಯೆಲ್ಲ ಹಾಕಿ ಬಿಗಿದರೆ ಪ್ಲಾಸ್ಟಿಕ್ ನಿಪ್ಪಲ್ ಸೀಳುತ್ತದೆ. ಬೋಲ್ಟನ್ನೂ ಹಾಗೆಯೇ, ಕೈಯಿಂದ ಕೂರಿಸಿ ಕೊನೆಗೆ ಕಾಲು ಸುತ್ತು ಸಾಕು.

## ಹಂತ 7: ಸರಿಯಾದ ಕೂಲೆಂಟ್ ತುಂಬಿಸಿ

ಬಣ್ಣ ನೋಡಿ ಕೂಲೆಂಟ್ ಕೊಳ್ಳಬೇಡಿ. ಬಣ್ಣವನ್ನು ತಯಾರಕರು ತಮ್ಮಿಷ್ಟದಂತೆ ಬೆರೆಸುತ್ತಾರೆ. ಒಳಗಿನ ತುಕ್ಕುನಿರೋಧಕ ಯಾವ ಬಗೆಯದು ಎಂಬುದೇ ಮುಖ್ಯ, ಅದು ಕೈಪಿಡಿಯಲ್ಲಿರುತ್ತದೆ. ಹೊಂದದ ಎರಡು ಬಗೆಗಳು ಬೆರೆತರೆ ಗಂಜಿಯಂತೆ ಗಟ್ಟಿಯಾಗುವ ಅಪಾಯವಿದೆ. ಹಿಂದೆ ಏನು ಹಾಕಿದ್ದರೆಂದು ಗೊತ್ತಿಲ್ಲದಿದ್ದರೆ ಇಡೀ ವ್ಯವಸ್ಥೆಯನ್ನು ಖಾಲಿ ಮಾಡಿ ಹೊಸದಾಗಿ ತುಂಬಿಸುವುದು ಸುರಕ್ಷಿತ.

ಡಬ್ಬಿಯ ಮೇಲೆ ನೇರ ಬಳಸುವಂಥದ್ದೋ, ನೀರು ಬೆರೆಸಬೇಕಾದದ್ದೋ ಎಂದು ಓದಿಕೊಳ್ಳಿ. ಬೆರೆಸುವ ನೀರು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರೇ ಆಗಿರಲಿ. ಬಾವಿಯ ನೀರು ಕುಡಿಯಲು ಎಷ್ಟೇ ಚೆನ್ನಾಗಿದ್ದರೂ ಅದರಲ್ಲಿ ಖನಿಜಗಳಿವೆ. ಹೊಳೆಬಾಯಿಯ ಹತ್ತಿರದ ಬಾವಿಗಳಲ್ಲಿ ಬೇಸಿಗೆಗೆ ಉಪ್ಪೂ ಸೇರುತ್ತದೆ.

ನಮ್ಮಲ್ಲಿ ಹಿಮ ಬೀಳುವುದಿಲ್ಲ, ಕೂಲೆಂಟ್ ಯಾಕೆ, ನೀರು ಸಾಲದೇ ಎಂದು ಕೇಳುವವರಿದ್ದಾರೆ. ಕೂಲೆಂಟ್ ಕುದಿಯುವ ಬಿಸಿಯನ್ನು ಮೇಲಕ್ಕೇರಿಸುತ್ತದೆ, ಒಳಗಿನ ಲೋಹವನ್ನು ತುಕ್ಕಿನಿಂದ ಕಾಯುತ್ತದೆ. ಸೋರುವ ಟ್ಯಾಂಕಿಗೆ ಬರೀ ನೀರು ಹಾಕುತ್ತಾ ಬಂದರೆ ಏನಾಗುತ್ತದೆಂದು ಲೆಕ್ಕ ಹಾಕಿ: 5 ಲೀಟರಿನಲ್ಲಿ ಅರ್ಧದಷ್ಟು ಕೂಲೆಂಟ್ ಇತ್ತೆಂದುಕೊಳ್ಳಿ. 1 ಲೀಟರ್ ಸೋರಿ ನೀರು ತುಂಬಿದಾಗ ಅದು ಶೇ. 40ಕ್ಕೆ ಇಳಿಯುತ್ತದೆ, ಇನ್ನೊಮ್ಮೆಗೆ ಶೇ. 32, ಮೂರನೆಯ ಸಲಕ್ಕೆ ಶೇ. 26ರ ಆಸುಪಾಸು. ಮೂರನೆಯ ಒಂದು ಭಾಗಕ್ಕಿಂತ ಕೆಳಗಿಳಿದರೆ ತುಕ್ಕುನಿರೋಧಕ ದುರ್ಬಲವಾಗುತ್ತದೆ. ಹಾಗೆಂದು ನೀರೇ ಬೆರೆಸದೆ ಗಟ್ಟಿ ಕೂಲೆಂಟನ್ನು ಸುರಿಯುವುದೂ ತಪ್ಪು, ಅದು ಶಾಖವನ್ನು ನೀರಿನಷ್ಟು ಚೆನ್ನಾಗಿ ಒಯ್ಯುವುದಿಲ್ಲ.

ಒತ್ತಡವಿಲ್ಲದ ಬಾಟಲಿಯ ಕಾರಿನಲ್ಲಿ ಮೊದಲು ರೇಡಿಯೇಟರನ್ನು ಕುತ್ತಿಗೆಯವರೆಗೆ ತುಂಬಿ, ಆಮೇಲೆ ಬಾಟಲಿಯನ್ನು ಮೇಲು, ಕೆಳಗಿನ ಗೆರೆಗಳ ನಡುವೆ ತುಂಬಬೇಕು. ಇನ್ನೊಂದು ಬಗೆಯಲ್ಲಿ ಟ್ಯಾಂಕಿನ ಮೇಲುಗೆರೆಯವರೆಗೆ ನಿಧಾನವಾಗಿ, ನಡುನಡುವೆ ಬಿಟ್ಟು ಬಿಟ್ಟು ಸುರಿಯಿರಿ. ಕುತ್ತಿಗೆಯವರೆಗೆ ತುಂಬಿಸಿದರೆ ಹಿಗ್ಗಲು ಜಾಗವಿಲ್ಲದೆ ಮುಚ್ಚಳದಿಂದ ಹೊರಬರುತ್ತದೆ, ನೀವು ಮತ್ತೆ ಸೋರಿಕೆ ಎಂದುಕೊಳ್ಳುತ್ತೀರಿ.

## ಹಂತ 8: ಗಾಳಿ ಹೊರಹಾಕಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಮೊದಲ ಸಲ ನಾನೂ ಬಿಟ್ಟಿದ್ದೆ. ಮೇಲುಗೆರೆಯವರೆಗೆ ತುಂಬಿಸಿ ಧೈರ್ಯವಾಗಿ ಚಾರ್ಮಾಡಿ ಘಾಟಿ ಹತ್ತಿದವನು ಅರ್ಧದಾರಿಯಲ್ಲಿ ಬಿಸಿಯ ಮುಳ್ಳು ಮೇಲೇರುವುದನ್ನು ಕಂಡು ಬದಿಗೆ ನಿಲ್ಲಿಸಬೇಕಾಯಿತು. ಟ್ಯಾಂಕ್ ಸೋರಿರಲಿಲ್ಲ. ಇಂಜಿನಿನೊಳಗೆ ಸಿಕ್ಕಿಕೊಂಡಿದ್ದ ಗಾಳಿ ಸರಿದು ಮಟ್ಟ ಇಳಿದಿತ್ತು, ಅಷ್ಟೆ.

ಇಂಜಿನ್ ತಣ್ಣಗಿರುವಾಗಲೇ ಮೇಲಿನ, ಕೆಳಗಿನ ದಪ್ಪ ಹೋಸುಗಳನ್ನು ಹತ್ತಿಪ್ಪತ್ತು ಸಲ ಹಿಸುಕಿ ಬಿಡಿ. ಗುಳ್ಳೆಗಳು ಬಂದು ಮಟ್ಟ ಇಳಿದಂತೆ ಮತ್ತೆ ತುಂಬಿಸಿ. ಗಾಳಿ ಬಿಡುವ ಸ್ಕ್ರೂ ಇದ್ದರೆ ಸಡಿಲಿಸಿ, ಗುಳ್ಳೆಯಿಲ್ಲದ ಧಾರೆ ಬಂದ ಮೇಲೆ ಮುಚ್ಚಿ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಎ.ಸಿ. ಆರಿಸಿ. ಸೆಕೆಯಲ್ಲಿ ಹೀಟರ್ ಹಾಕುವುದು ಹಿಂಸೆಯೇ, ಆದರೆ ಕೆಲವು ಕಾರುಗಳಲ್ಲಿ ಹಾಗೆ ಮಾಡದಿದ್ದರೆ ಅದರ ಸುರುಳಿಯ ಗಾಳಿ ಅಲ್ಲೇ ಉಳಿಯುತ್ತದೆ.

ಈಗ ಹೊಸ ಮುಚ್ಚಳ ಹಾಕಿ ಇಂಜಿನ್ ಸ್ಟಾರ್ಟ್ ಮಾಡಿ. ಹತ್ತು ಹದಿನೈದು ನಿಮಿಷದಲ್ಲಿ ಥರ್ಮೋಸ್ಟಾಟ್ (ಬಿಸಿಗೆ ತೆರೆಯುವ ಕವಾಟ) ತೆರೆದು ರೇಡಿಯೇಟರಿನ ಹೋಸುಗಳು ಬಿಸಿಯಾಗಬೇಕು, ಹೀಟರಿನಿಂದ ಬಿಸಿಗಾಳಿ ಬರಬೇಕು, ಫ್ಯಾನ್ ತಿರುಗಿ ನಿಲ್ಲಬೇಕು. ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಕಾರಿನ ಪಕ್ಕದಲ್ಲೇ ಇರಿ, ಬಿಸಿಯ ಮುಳ್ಳಿನ ಮೇಲೆ ಕಣ್ಣಿಡಿ. ಮುಳ್ಳು ಮಧ್ಯ ದಾಟಿ ಏರುತ್ತಲೇ ಇದ್ದು ಹೀಟರಿನಿಂದ ತಣ್ಣನೆಯ ಗಾಳಿ ಬರುತ್ತಿದ್ದರೆ ಒಳಗೆ ಗಾಳಿ ಇನ್ನೂ ಇದೆ, ಕೂಡಲೇ ಇಂಜಿನ್ ಆರಿಸಿ. ಆಮೇಲೆ ಮುಚ್ಚಳ ಮುಟ್ಟದೆ ಪೂರ್ತಿ ತಣಿಯಲು ಬಿಟ್ಟು, ಇಳಿದಷ್ಟನ್ನು ತುಂಬಿಸಿ.

## ಹಂತ 9: ಒಂದು ವಾರದ ಪರೀಕ್ಷೆ

ಮೊದಲ ದಿನ ಊರೊಳಗೇ ಓಡಿಸಿ, ಪಂಪ್‌ವೆಲ್‌ನಿಂದ ಸುರತ್ಕಲ್‌ಗೆ ಹೋಗಿ ಬಂದಷ್ಟು ಸಾಕು. ಮರುದಿನ ಬೆಳಿಗ್ಗೆ ಮಟ್ಟ ಸ್ವಲ್ಪ ಇಳಿದಿರುತ್ತದೆ. ಅದು ಉಳಿದ ಗಾಳಿ ಹೊರಬಂದುದರ ಲಕ್ಷಣ, ತುಂಬಿಸಿ. ಎರಡನೆಯ, ಮೂರನೆಯ ದಿನದ ಹೊತ್ತಿಗೆ ಗೆರೆ ಒಂದೇ ಕಡೆ ನಿಲ್ಲಬೇಕು. ಒಂದು ವಾರ ಪ್ರತಿ ಬೆಳಿಗ್ಗೆ ನೋಡಿ, ನಿಪ್ಪಲ್‌ಗಳ ಬುಡವನ್ನು ಬಿಳಿ ಕಾಗದದಿಂದ ಒತ್ತಿ ತೇವವಿದೆಯೇ ಪರೀಕ್ಷಿಸಿ. ಮೂರು ದಿನದ ನಂತರವೂ ಮಟ್ಟ ಇಳಿಯುತ್ತಿದ್ದು ಹೊರಗೆಲ್ಲೂ ಒದ್ದೆಯಿಲ್ಲದಿದ್ದರೆ ಇನ್ನೊಂದು ಟ್ಯಾಂಕ್ ಕೊಳ್ಳುವ ಯೋಚನೆ ಬಿಟ್ಟು ಗ್ಯಾರೇಜಿನಲ್ಲಿ ಒತ್ತಡದ ಪರೀಕ್ಷೆ ಮಾಡಿಸಿ. ಆ ವಾರ ಘಾಟಿ ಪ್ರಯಾಣ ಬೇಡ.

## ಘಾಟಿಯಲ್ಲೇ ಟ್ಯಾಂಕ್ ಒಡೆದರೆ

ಸೋಮೇಶ್ವರದಿಂದ ಆಗುಂಬೆಗೆ, ಗುಂಡ್ಯದಿಂದ ಸಕಲೇಶಪುರದ ಕಡೆಗೆ ಏರುವಾಗ ಇಂಜಿನಿಗೆ ಭಾರ ಹೆಚ್ಚು, ಮುಂದಿನಿಂದ ಬರುವ ಗಾಳಿ ಕಡಿಮೆ. ಸವೆದ ಟ್ಯಾಂಕ್ ಬಾಯಿಬಿಡುವುದು ಅಲ್ಲಿಯೇ. ಬಾನೆಟ್ಟಿನಿಂದ ಹಬೆ, ಸಿಹಿ ವಾಸನೆ ಬಂದರೆ ಅಥವಾ ಮುಳ್ಳು ಕೆಂಪಿಗೆ ಹತ್ತಿರವಾದರೆ, ತಿರುವಿನಲ್ಲಿ ಅಲ್ಲದೆ ಕಾಣುವ ಅಗಲ ಜಾಗದಲ್ಲಿ ನಿಲ್ಲಿಸಿ ಇಂಜಿನ್ ಆರಿಸಿ. ಎಲ್ಲ ಕೂಲೆಂಟ್ ಹೋದ ಮೇಲೆ ಮುಳ್ಳು ಇದ್ದಕ್ಕಿದ್ದಂತೆ ಕೆಳಗಿಳಿದು ಎಲ್ಲ ಸರಿಯಿದೆ ಎಂಬಂತೆ ತೋರುವುದೂ ಉಂಟು, ಏಕೆಂದರೆ ಸೆನ್ಸರಿಗೆ ತಾಗಲು ದ್ರವವೇ ಉಳಿದಿರುವುದಿಲ್ಲ. ಅದನ್ನು ನಂಬಬೇಡಿ.

ಕನಿಷ್ಠ ಒಂದು ಗಂಟೆ ಕಾಯಿರಿ. ಕಾದ ಇಂಜಿನಿಗೆ ತಣ್ಣೀರು ಸುರಿದರೆ ಲೋಹ ಸೀಳಬಹುದು. ಸೀಳು ದೊಡ್ಡದಾಗಿದ್ದರೆ ಟೋಯಿಂಗ್ ವಾಹನ ಕರೆಸುವುದೇ ಸರಿ. ಟ್ಯಾಂಕಿನ ಬೆಲೆಗೂ ಇಂಜಿನ್ ಕೆಲಸದ ಬೆಲೆಗೂ ಹೋಲಿಕೆಯೇ ಇಲ್ಲ. ಸಣ್ಣ ಹನಿಯಾಗಿದ್ದರೆ ಮಾತ್ರ, ತಣಿದ ಮೇಲೆ ಕುಡಿಯುವ ನೀರನ್ನೇ ತುಂಬಿ, ಹೀಟರ್ ಹಾಕಿ, ಮುಳ್ಳು ನೋಡುತ್ತಾ ನಿಧಾನವಾಗಿ ಹತ್ತಿರದ ಊರು ಮುಟ್ಟಬಹುದು. ಹಾಗೆ ಮಾಡಿದ್ದರೆ ಒಳಗಿರುವುದು ಹೆಚ್ಚಾಗಿ ನೀರು ಎಂಬುದನ್ನು ನೆನಪಿಟ್ಟುಕೊಂಡು, ಟ್ಯಾಂಕ್ ಬದಲಿಸುವ ದಿನ ಅದನ್ನೆಲ್ಲ ಇಳಿಸಿ ಏಳನೆಯ ಹಂತದಲ್ಲಿ ಹೇಳಿದಂತೆ ಹೊಸದಾಗಿ ತುಂಬಿಸಿ.